ಅಡಿಗೆ ಆಟದ ಪೆಟ್ಟಿಗೆ

(ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ತಿಂಗಳ ಭಾಷಣಕ್ಕೆ ಈ ವಿಷಯವನ್ನು ಸೂಚಿಸಿದಾಗ ಸಮಿತಿಯಲ್ಲಿ ಕೆಲವರು ನಕ್ಕರು. ವಾಚನಾಲಯವೆಂದ ಮೇಲೆ ಕಾವ್ಯ ಕಾದಂಬರಿಗಳ ಮಾತಿರಬೇಕು, ಇಲ್ಲವಾದರೆ ಭವಿಷ್ಯನಿಧಿ, ವಿಮೆಯಂಥ ಹೊಟ್ಟೆಪಾಡಿನ ಮಾತಿರಬೇಕು. ಮಕ್ಕಳ ಅಡಿಗೆ ಆಟದ ಸಾಮಾನನ್ನು ಮೇಜಿನ ಮೇಲೆ ಹರವಿಕೊಂಡು ದೊಡ್ಡವರೆದುರು ಮಾತಾಡುವುದೆಂದರೇನು ಎಂದರು. ನಾವು ಪಂಡಿತರಲ್ಲ. ಮೆಟ್ರಿಕ್ ಮುಗಿಸಿ ನೂಲಿನ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದವರು. ಆದರೆ ಭಾನುವಾರ ಬೆಳಿಗ್ಗೆ ಈ ವಾಚನಾಲಯದ ಮೂಲೆಯಲ್ಲಿ ಚಿಕ್ಕ ಮಕ್ಕಳನ್ನು ಕೂಡಿಸಿಕೊಂಡು ಕೂಡುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಅಲ್ಲಿ ಕಂಡದ್ದನ್ನೂ ಅದರ ಸಲುವಾಗಿ ಓದಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತೇವೆ.

ಕಂಡದ್ದನ್ನು ಮೊದಲು ಹೇಳುತ್ತೇವೆ. ನಾಲ್ಕು ವರ್ಷದ ಒಬ್ಬ ಹುಡುಗನಿದ್ದಾನೆ. ಹೆಸರು ಬೇಡ. ತಂದೆ ವಿಜಯಪುರದ ಕಡೆಯವರು, ರಾತ್ರಿ ಪಾಳಿ. ತಾಯಿ ನಾಲ್ಕು ಮನೆಯ ಕೆಲಸಕ್ಕೆ ಹೋಗುವವರು. ‘ಎಣಿಸು ನೋಡೋಣ’ ಎಂದರೆ ಈ ಹುಡುಗ ಒಂದೇ ಉಸುರಿಗೆ ಇಪ್ಪತ್ತರವರೆಗೆ ಹೇಳುತ್ತಾನೆ. ಒಂದು, ಎರಡು ಕನ್ನಡದಲ್ಲಿ; ತೀನ್, ಚಾರ್ ಓಣಿಯ ಮರಾಠಿಯಲ್ಲಿ; ಅಲ್ಲಿಂದ ಮುಂದೆ ಮೊಬೈಲಿನ ಹಾಡಿನ ಇಂಗ್ಲಿಷಿನಲ್ಲಿ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ‘ಮೂರು ಚಮಚ ತಾರಪ್ಪಾ’ ಎಂದರೆ ಮಾತ್ರ ಮುಷ್ಟಿಗೆ ಸಿಕ್ಕಷ್ಟು ತಂದು ಸುರಿಯುತ್ತಾನೆ. ತೀನ್ ಎಂದರೂ ಅಷ್ಟೇ, ಥ್ರೀ ಎಂದರೂ ಅಷ್ಟೇ. ಹುಡುಗ ಮಂದನಲ್ಲ, ನೀರಿನ ಟ್ಯಾಂಕರು ಯಾವ ಗಲ್ಲಿಗೆ ಮೊದಲು ಬರುತ್ತದೆಂದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಅವನ ಬಾಯಲ್ಲಿರುವ ಅಂಕಿ ಕೈಗೆ ಇಳಿದಿಲ್ಲ. ಮಾತೂ ಹಾಗೆಯೇ. ಸೌಟು, ಮುಚ್ಚಳ, ಬುಟ್ಟಿ ಎಲ್ಲವೂ ಅವನಿಗೆ ‘ಅದು’, ‘ಇದು’.

ಇದಕ್ಕೆ ಕಾರಣವನ್ನು ಹುಡುಕುತ್ತ ಹೋದಾಗ ತಿಳಿದ ಸಂಗತಿ ನಮ್ಮನ್ನು ಬಹಳ ನೋಯಿಸಿತು. ಹುಡುಗನನ್ನು ಸೇರಿಸಲು ಹೋದ ಒಂದು ಶಾಲೆಯಲ್ಲಿ ತಾಯಿಗೆ, ‘ಮನೆಯಲ್ಲಿ ನಿಮ್ಮ ಭಾಷೆ ಬಿಟ್ಟುಬಿಡಿ, ಇಂಗ್ಲಿಷಿನಲ್ಲಿಯೇ ಮಾತಾಡಿಸಿ’ ಎಂದು ಹೇಳಿ ಕಳಿಸಿದರಂತೆ. ಆ ತಾಯಿಗೆ ಇಂಗ್ಲಿಷು ಬಾರದು. ಬಾರದ ಭಾಷೆಯಲ್ಲಿ ಮಾತಾಡಲಾಗದೆ, ಬರುವ ಭಾಷೆಯಲ್ಲಿ ಮಾತಾಡಲು ಅಂಜಿ, ಆಕೆ ಮಗನೊಡನೆ ಮಾತನ್ನೇ ಕಡಿಮೆ ಮಾಡಿದರು. ಕನ್ನಡ ಹೋಯಿತು, ಇಂಗ್ಲಿಷು ಬರಲಿಲ್ಲ, ಮನೆಯಲ್ಲಿ ಉಳಿದದ್ದು ಮೊಬೈಲು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರ ಮನೆಗಳಲ್ಲಿ ಇಂಥ ಮೌನ ಎಷ್ಟಿದೆಯೋ ನೀವೇ ನಿಮ್ಮ ನಿಮ್ಮ ಚಾಳಿನಲ್ಲಿ ನೋಡಿಕೊಳ್ಳಿ. ಈ ಪೆಟ್ಟಿಗೆಯನ್ನು ನಾವು ತಂದದ್ದು ಆ ಮೌನವನ್ನು ಒಡೆಯಲಿಕ್ಕೆ. ಆಟಿಕೆಯ ಮೋಹದಿಂದಲ್ಲ.

ಮಗು ಆಟದಿಂದ ಕಲಿಯುತ್ತದೆಂಬುದು ಹೊಸ ಮಾತೇನೂ ಅಲ್ಲ. ಜರ್ಮನಿಯ ಫ್ರೋಬೆಲ್ 1837ರಲ್ಲಿಯೇ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಆಟದ ಸಾಮಾನುಗಳನ್ನು ಒಂದು ಕ್ರಮದಲ್ಲಿ ಜೋಡಿಸಿ, ಅವಕ್ಕೆ ‘ಕಾಣಿಕೆಗಳು’ ಎಂದು ಹೆಸರಿಟ್ಟನು. ಮೊದಲನೆಯದು ಬಣ್ಣಬಣ್ಣದ ಉಣ್ಣೆಯ ಚೆಂಡುಗಳು. ಮೂರನೆಯದು ಎಂಟು ಚಿಕ್ಕ ಘನಗಳಾಗಿ ಬಿಡಿಸಬಹುದಾದ ಒಂದು ಮರದ ಘನ. ಇಡಿಯದನ್ನು ಬಿಡಿ ಮಾಡಿ, ಬಿಡಿಯದನ್ನು ಮತ್ತೆ ಇಡಿ ಮಾಡುವುದೇ ಅದರ ಆಟ. ‘ಕಿಂಡರ್‌ಗಾರ್ಟನ್’ ಎಂಬ ಹೆಸರು 1840ರಲ್ಲಿ ಅವನು ಇಟ್ಟದ್ದು. ಇಂದು ನಮ್ಮ ಗಲ್ಲಿಯ ತಗಡಿನ ಬೋರ್ಡುಗಳ ಮೇಲೆ ‘ಕೆ.ಜಿ.’ ಎಂದು ಕಾಣುವುದು ಅದೇ. ಚೆಂಡೂ ಇಲ್ಲ, ಘನವೂ ಇಲ್ಲ, ಹೆಸರು ಮಾತ್ರ ಉಳಿದಿದೆ.

ಆದರೆ ನಮಗೆ ಹೆಚ್ಚು ಹತ್ತಿರವಾದದ್ದು ರೋಮಿನ ಸಂಗತಿ. ಅಲ್ಲಿಯ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ, ಕೂಲಿಕಾರರು ಬಾಡಿಗೆಗೆ ಇದ್ದ ಒಂದು ದೊಡ್ಡ ಕಟ್ಟಡದಲ್ಲಿ, ಅಂದರೆ ನಮ್ಮ ಮಾತಿನಲ್ಲಿ ಒಂದು ಚಾಳಿನಲ್ಲಿ, ತಂದೆತಾಯಿಗಳು ಕೆಲಸಕ್ಕೆ ಹೋದ ಮೇಲೆ ಮಕ್ಕಳು ಗೋಡೆ ಕೆಡಿಸುತ್ತ ಅಲೆಯುತ್ತಿದ್ದವು. ಅವುಗಳನ್ನು ಒಂದು ಕೋಣೆಯಲ್ಲಿ ಕೂಡಿಸಿ ನೋಡಿಕೊಳ್ಳುವ ಕೆಲಸ ಮರಿಯಾ ಮಾಂಟೆಸೊರಿ ಎಂಬ ಡಾಕ್ಟರರಿಗೆ ಬಂತು. 1907ರ ಜನವರಿ 6ರಂದು ಆ ‘ಮಕ್ಕಳ ಮನೆ’ ತೆರೆಯಿತು. ಇಂದು ಮಾಂಟೆಸೊರಿ ಎಂದರೆ ದೊಡ್ಡ ಫೀಜಿನ ಶಾಲೆ ಎಂದು ನಾವು ದೂರ ನಿಲ್ಲುತ್ತೇವೆ. ಹುಟ್ಟಿದ್ದು ನಮ್ಮಂಥವರ ಮಕ್ಕಳಿಗಾಗಿ ಎಂಬುದನ್ನು ನೆನಪಿಡಬೇಕು. ಆಕೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾಲವನ್ನೆಲ್ಲ ಭಾರತದಲ್ಲಿಯೇ ಕಳೆದು ಇಲ್ಲಿಯ ಶಿಕ್ಷಕರಿಗೆ ತರಬೇತಿ ಕೊಟ್ಟರು.

ಇಲ್ಲಿ ನಮ್ಮ ವಾದಕ್ಕೆ ಎದುರಾದ ಒಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಆ ಮಕ್ಕಳ ಮನೆಗೆ ಯಾರೋ ಉಳ್ಳವರು ಅಂದವಾದ ಆಟಿಕೆಗಳನ್ನು ಕೊಟ್ಟಿದ್ದರು. ಮಕ್ಕಳು ಅವುಗಳತ್ತ ತಿರುಗಿಯೂ ನೋಡಲಿಲ್ಲ, ನಿಜವಾದ ಕೆಲಸವನ್ನೇ ಬಯಸಿದರು ಎಂದು ಮಾಂಟೆಸೊರಿಯವರೇ ಬರೆದಿದ್ದಾರೆ. ಹಾಗಾದರೆ ಈ ಪೆಟ್ಟಿಗೆ ಏತಕ್ಕೆ ಎಂದು ನೀವು ಕೇಳಬಹುದು. ನಮಗೆ ತೋರುವುದಿಷ್ಟು: ಮಕ್ಕಳಿಗೆ ಬೇಡವಾದದ್ದು ಶೋಕೇಸಿನ ಗೊಂಬೆ. ಅವ್ವ ಮಾಡುವ ಕೆಲಸ ಅವರಿಗೆ ಬೇಕು. ಒಲೆಯ ಹತ್ತಿರ ಬಿಡುವಂತಿಲ್ಲ, ಈಳಿಗೆ ಮುಟ್ಟುವಂತಿಲ್ಲ. ಹತ್ತು ಅಡಿ ಉದ್ದದ ಖೋಲಿಯಲ್ಲಿ ನಿಜವಾದ ಅಡಿಗೆಗೂ ಮಗುವಿಗೂ ಒಟ್ಟಿಗೆ ಜಾಗವಿಲ್ಲ. ಅದಕ್ಕೇ ನಿಜಕ್ಕೆ ತೀರ ಹತ್ತಿರವಾದ ಚಿಕ್ಕ ಸಾಮಾನು ಬೇಕಾಗುತ್ತದೆ. ಬ್ಯಾಟರಿ ಹಾಕಿದರೆ ಹಾಡುವ ಪ್ಲಾಸ್ಟಿಕ್ ಒಲೆಗಿಂತ ನಾಲ್ಕು ಪುಟ್ಟ ಸ್ಟೀಲಿನ ತಾಟು ಮೇಲು. ಹಾಡುವ ಒಲೆ ತಾನೇ ಮಾತಾಡುತ್ತದೆ, ಮಗುವಿಗೆ ಮಾತಾಡಲು ಬಿಡುವುದಿಲ್ಲ.

ನಮ್ಮ ನಾಡಿನಲ್ಲಿ ಈ ದಾರಿ ತುಳಿದವರು ಕಡಿಮೆಯೇನಿಲ್ಲ. ಭಾವನಗರದ ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟು 1920ರಲ್ಲಿ ಬಾಲಮಂದಿರ ತೆರೆದರು. ಗುಜರಾತಿನ ಜನ ಅವರನ್ನು ‘ಮೀಸೆಯ ತಾಯಿ’ ಎಂದು ಕರೆದರು. ಮಕ್ಕಳ ಆಟ ಹೆಂಗಸರ ಪಾಡು ಎಂದು ಹಿಂದಿನ ಬೆಂಚಿನಲ್ಲಿ ಕೂತು ಆಕಳಿಸುತ್ತಿರುವ ಮಿತ್ರರು ಈ ಬಿರುದನ್ನು ಗಮನಿಸಬೇಕು. ಅವರೊಡನೆ ದುಡಿದ ತಾರಾಬಾಯಿ ಮೋಡಕರು ನಮ್ಮ ಈ ಪಶ್ಚಿಮ ರೇಲ್ವೆಯ ದಾರಿಯಲ್ಲಿಯೇ, ಇಂದಿನ ಪಾಲಘರ ಜಿಲ್ಲೆಯ ಬೋರ್ಡಿಯಲ್ಲಿ 1945ರಲ್ಲಿ ಬಾಲವಾಡಿ ಆರಂಭಿಸಿದರು. ಅನುತಾಯಿ ವಾಘ್ ಅವರ ಜೊತೆಯಾದರು. 1957ರಲ್ಲಿ ಕೆಲಸ ಹತ್ತಿರದ ಕೋಸಬಾಡ ಗುಡ್ಡಕ್ಕೆ, ಆದಿವಾಸಿ ಮಕ್ಕಳ ನಡುವೆ ಹೋಯಿತು. ವಿದೇಶದ ಸಾಮಾನಿಗೆ ದುಡ್ಡಿಲ್ಲ. ಕಲ್ಲು, ಚಿಪ್ಪು, ಬೀಜ, ಎಲೆ, ಮಣ್ಣಿನ ಪಾತ್ರೆಗಳಿಂದಲೇ ಎಣಿಕೆ, ಬಣ್ಣ, ಆಕಾರಗಳನ್ನು ಕಲಿಸಿದರು. ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ಬಾಲವಾಡಿಯನ್ನೇ ಅವರ ಅಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಮಾತಿನಲ್ಲಿ ಇರುವುದು ಆ ಅಂಗಳವೇ. ಮುಂದೆ 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರದ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಆ ಹೆಸರು ದೇಶಕ್ಕೆಲ್ಲ ಹರಡಿತು. 2023ರ ಫೆಬ್ರವರಿಯಲ್ಲಿ ಸರಕಾರ 3ರಿಂದ 8 ವರ್ಷದ ಮಕ್ಕಳಿಗೆಂದು ‘ಜಾದೂಯಿ ಪಿಟಾರಾ’ ಎಂಬ ಆಟದ ಪೆಟ್ಟಿಗೆಯನ್ನೂ ಹೊರತಂದಿದೆ. ಅದು ನಮ್ಮ ಗಲ್ಲಿಗೆ ಬರುವತನಕ ನಾವು ಕೈಕಟ್ಟಿ ಕೂಡಬೇಕಾಗಿಲ್ಲ.

ಈಗ ಪೆಟ್ಟಿಗೆಗೆ ಬರೋಣ. ಇದರಲ್ಲಿರುವ ಮರದ ಸಾಮಾನು ಎರಡು ಊರಿನದು. ಗುಂಡಗೆ ಕಡೆದು ಅರಗಿನ ಬಣ್ಣ ಹಾಕಿದ ಈ ಪಾತ್ರೆಗಳು ಬೆಂಗಳೂರು ಮೈಸೂರು ದಾರಿಯ ಚನ್ನಪಟ್ಟಣದವು. ಆಲೆ ಮರವನ್ನು ಯಂತ್ರದ ಮೇಲೆ ತಿರುಗಿಸುತ್ತ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಈ ಮಾವಿನ ಹಣ್ಣು, ಬಾಳೆಹಣ್ಣು, ಸೀತಾಫಲಗಳು ಕೊಂಕಣದ ಸಾವಂತವಾಡಿಯವು. ಮರಾಠಿ ನೆರೆಯವರು ಈ ಆಟಕ್ಕೆ ಭಾತುಕಲಿ ಎನ್ನುತ್ತಾರೆ. ಅವರ ಮನೆಗಳಲ್ಲಿ ಅಜ್ಜಿ ಮೊಮ್ಮಗಳಿಗೆ ಕೊಟ್ಟ ಹಿತ್ತಾಳೆಯ ಭಾತುಕಲಿಯನ್ನು ಇನ್ನೂ ಜೋಪಾನ ಮಾಡಿದ್ದಾರೆ. ಉಳಿದದ್ದೆಲ್ಲ ನಮ್ಮ ನಮ್ಮ ಮನೆಗಳಿಂದ ಬಂದದ್ದು: ಚಿಕ್ಕ ಸ್ಟೀಲು ತಾಟು ನಾಲ್ಕು, ಲೋಟ ನಾಲ್ಕು, ಚಮಚ ಆರು, ಸೌಟು ಎರಡು, ಮುಚ್ಚಳವಿರುವ ಡಬ್ಬಿಗಳು, ಬಟ್ಟೆಯ ರೊಟ್ಟಿ ಹತ್ತು.

ಈ ಡಬ್ಬಿಯಷ್ಟು ಸಾಮಾನಿನಲ್ಲಿ ಎಷ್ಟು ಕನ್ನಡವಿದೆ ನೋಡಿ. ಹೆಸರುಗಳನ್ನು ಬಿಡಿ, ಅವು ಬೇಗ ಬರುತ್ತವೆ. ಕ್ರಿಯೆಗಳು ಬೇಕು. ಸುರಿ, ಸೋಸು, ಬಸಿ, ಕಲಸು, ನಾದು, ಲಟ್ಟಿಸು, ಹೆಚ್ಚು, ಹುರಿ, ಕುದಿಸು, ಬಡಿಸು, ತೊಳೆ, ಬೋರಲು ಹಾಕು. ಮೊಬೈಲಿನ ಹಾಡು ಇವುಗಳಲ್ಲಿ ಒಂದನ್ನೂ ಕಲಿಸುವುದಿಲ್ಲ. ಆಮೇಲೆ ಸ್ಥಳದ ಮಾತುಗಳು: ಒಳಗೆ, ಹೊರಗೆ, ಮೇಲೆ, ಕೆಳಗೆ, ನಡುವೆ, ಪಕ್ಕದಲ್ಲಿ, ಹಿಂದೆ. ‘ಚಮಚವನ್ನು ಲೋಟದ ಒಳಗೆ ಇಡು, ಲೋಟವನ್ನು ತಾಟಿನ ಪಕ್ಕದಲ್ಲಿ ಇಡು’ ಎಂಬ ಒಂದು ಮಾತನ್ನು ಮಗು ಕೇಳಿ ಮಾಡಿತೆಂದರೆ ಎರಡು ವಿಭಕ್ತಿ, ಎರಡು ಸ್ಥಳ, ಎರಡು ಕೆಲಸ ತಲೆಗೆ ಹತ್ತಿದಂತಾಯಿತು. ಇದೇ ನಾಳೆ ಭೂಮಿತಿಗೂ ಬೇಕು. ‘ಮೊದಲು ನೀರು, ಆಮೇಲೆ ಅಕ್ಕಿ, ಕಡೆಗೆ ಉಪ್ಪು’ ಎಂದು ಅಡಿಗೆಯನ್ನು ಕ್ರಮವಾಗಿ ಹೇಳುವುದು ಕಥೆ ಹೇಳುವುದರ ಮೊದಲ ಮೆಟ್ಟಿಲು.

ಹೆಸರುಗಳ ವಿಷಯದಲ್ಲಿ ಒಂದು ಜಗಳವಾಯಿತು. ಕಲಬುರಗಿಯ ತಾಯಿಯೊಬ್ಬರು ಇದನ್ನು ಗಂಗಾಳ ಎಂದರು. ಕುಂದಾಪುರದವರು ಬಟ್ಲು ಎಂದರು. ಮೈಸೂರಿನ ಕಡೆಯ ಗುಮಾಸ್ತರೊಬ್ಬರು ಎದ್ದು ನಿಂತು ತಟ್ಟೆಯೇ ಶುದ್ಧ ಕನ್ನಡ ಎಂದು ತೀರ್ಪು ಕೊಟ್ಟರು. ನಾವು ಮಕ್ಕಳಿಗೆ ಮೂರನ್ನೂ ಹೇಳಿಕೊಟ್ಟೆವು. ಮಕ್ಕಳಿಗೆ ಏನೂ ತೊಂದರೆಯಾಗಲಿಲ್ಲ, ತೊಂದರೆ ದೊಡ್ಡವರಿಗೆ. ಅದೇ ವಸ್ತುವನ್ನು ಮರಾಠಿ ಹುಡುಗಿ ‘ತಾಟ’ ಎಂದರೆ ಅದೂ ಸರಿಯೇ. ನಾಲ್ಕು ಹೆಸರು ಬಲ್ಲ ಮಗು ಒಂದೇ ಹೆಸರು ಬಲ್ಲ ಮಗುವಿಗಿಂತ ಬಡವಾಗುವುದಿಲ್ಲ.

ಇನ್ನು ಲೆಕ್ಕ. ನಾವು ಲೆಕ್ಕದವರಾದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ, ಸಹಿಸಿಕೊಳ್ಳಬೇಕು.

ಅಂಕಿಗಳನ್ನು ಹೇಳುವುದು ಬೇರೆ, ಎಣಿಸುವುದು ಬೇರೆ. ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು 1978ರಲ್ಲಿ ಒಂದು ಪುಸ್ತಕ ಬರೆದು, ಎಣಿಕೆಯೊಳಗೆ ಏನೇನು ಅಡಗಿದೆಯೆಂದು ಬಿಡಿಸಿ ತೋರಿಸಿದರು. ಒಂದು ವಸ್ತುವಿಗೆ ಒಂದೇ ಅಂಕಿ ಹೇಳಬೇಕು, ಬಿಡಬಾರದು, ಎರಡು ಸಲ ಮುಟ್ಟಬಾರದು. ಅಂಕಿಗಳು ಪ್ರತಿಸಲವೂ ಅದೇ ಸಾಲಿನಲ್ಲಿ ಬರಬೇಕು. ಕಡೆಗೆ ಹೇಳಿದ ಅಂಕಿಯೇ ಇಡೀ ಗುಂಪಿನ ಮೊತ್ತವೆಂದು ತಿಳಿಯಬೇಕು. ಎತ್ತಲಿಂದ ಎಣಿಸಿದರೂ ಮೊತ್ತ ಅಷ್ಟೇ, ಏನನ್ನು ಎಣಿಸಿದರೂ ರೀತಿ ಅದೇ ಎಂದೂ ತಿಳಿಯಬೇಕು. ಮೂರನೆಯದೇ ಕಠಿಣ. ಮಗು ‘ಒಂದು, ಎರಡು, ಮೂರು, ನಾಲ್ಕು’ ಎಂದು ಲೋಟಗಳನ್ನು ಮುಟ್ಟಿ ಎಣಿಸುತ್ತದೆ. ‘ಹಾಗಾದರೆ ಎಷ್ಟು ಲೋಟ?’ ಎಂದರೆ ಮತ್ತೆ ಒಂದರಿಂದ ಆರಂಭಿಸುತ್ತದೆ. ಅದಕ್ಕೆ ನಾಲ್ಕು ಎಂಬುದು ಕಡೆಯ ಲೋಟದ ಹೆಸರು, ಅಷ್ಟೂ ಲೋಟಗಳ ಲೆಕ್ಕವಲ್ಲ. ಗಿರಣಿಯ ಗುಮಾಸ್ತರಿಗೆ ಇದು ಅರ್ಥವಾಗಬೇಕು: ಪಟ್ಟಿಯ ಕಡೆಯ ಸಾಲು ಬೇರೆ, ಒಟ್ಟು ಮೊತ್ತದ ಸಾಲು ಬೇರೆ.

ಇದನ್ನು ಕಲಿಸಲು ಪಾಟಿ ಬಳಪ ಬೇಡ, ಊಟಕ್ಕೆ ಕರೆಯಿರಿ. ನಮ್ಮ ಮೂಲೆಯಲ್ಲಿ ನಡೆಯುವುದು ಹೀಗೆ. ಬಟ್ಟೆಯ ಗೊಂಬೆಗಳನ್ನು ಕೂಡಿಸುತ್ತೇವೆ.

‘ನಿಮ್ಮ ಮನೀಗೆ ಎಷ್ಟ ಮಂದಿ ಬೀಗರು ಬಂದಾರವ್ವಾ?’

‘ಮೂರು ಮಂದಿ, ಕಾಕಾ.’

‘ಅವರಿಗೆ ತಾಟು ಇಟ್ಟೀಯೇನು?’

ಹುಡುಗಿ ಓಡಿಹೋಗಿ ಎರಡು ತಾಟು ತರುತ್ತಾಳೆ. ಒಬ್ಬರ ಮುಂದೆ ನೆಲ ಖಾಲಿ. ನಾವು ಏನೂ ಹೇಳುವುದಿಲ್ಲ. ಅವಳೇ ನೋಡಿ, ‘ಇವರಿಗಿಲ್ಲ’ ಎಂದು ಇನ್ನೊಂದು ತರುತ್ತಾಳೆ. ತಪ್ಪನ್ನು ತೋರಿಸಿದ್ದು ಊಟವಿಲ್ಲದೆ ಕೂತ ಬೀಗರು, ಮಾಸ್ತರರಲ್ಲ. ಒಂದಕ್ಕೊಂದು ಜೋಡಿಸುವ ಈ ಕೆಲಸ ಅಂಕಿಗಿಂತ ಮೊದಲಿನದು. ‘ಹೆಚ್ಚು, ಕಡಿಮೆ, ಸರಿಸಮ’ ಎಂಬ ಮೂರು ಮಾತೂ ಇಲ್ಲಿಯೇ ಹುಟ್ಟುತ್ತವೆ. ಎಲ್ಲ ರೊಟ್ಟಿಯೂ ಬಡಿಸಿ ಮುಗಿದಾಗ ‘ಬುಟ್ಟಿಯಲ್ಲಿ ಎಷ್ಟಿದೆ?’ ಎಂದರೆ ‘ಏನೂ ಇಲ್ಲ’ ಎನ್ನುತ್ತಾರೆ. ಸೊನ್ನೆಯ ಪಾಠ ಮುಗಿಯಿತು. ಆರು ರೊಟ್ಟಿಯನ್ನು ಮೂವರಿಗೆ ಸರಿಯಾಗಿ ಹಂಚೆಂದರೆ ಭಾಗಾಕಾರದ ಹೆಸರು ತಿಳಿಯದ ಮಗು ಒಂದೊಂದಾಗಿ ಸುತ್ತಹಾಕುತ್ತ ಹಂಚುತ್ತದೆ. ಏಳನೆಯ ರೊಟ್ಟಿ ಕೊಟ್ಟರೆ ಜಗಳ, ಆಮೇಲೆ ಹರಿಯುವುದು, ಅರ್ಧ, ತುಣುಕು.

ಇಲ್ಲಿ ಕನ್ನಡದ ಒಂದು ವಿಶೇಷವೂ ಸಿಕ್ಕುತ್ತದೆ. ನಾವು ಎರಡು ತಾಟು ಎನ್ನುತ್ತೇವೆ, ಆದರೆ ಎರಡು ಬೀಗರು ಎನ್ನುವುದಿಲ್ಲ, ಇಬ್ಬರು ಬೀಗರು. ಒಬ್ಬ, ಒಬ್ಬಳು, ಇಬ್ಬರು, ಮೂವರು, ನಾಲ್ವರು. ಮನುಷ್ಯರ ಲೆಕ್ಕಕ್ಕೆ ನಮ್ಮ ಭಾಷೆ ಬೇರೆ ಮಾತನ್ನು ಇಟ್ಟುಕೊಂಡಿದೆ. ಪರಊರಿನಲ್ಲಿ ಬೆಳೆದ ಮಕ್ಕಳ ಬಾಯಿಂದ ಮೊದಲು ಜಾರುವುದು ಈ ಮಾತು. ‘ಎರಡು ಅಣ್ಣ ಬಂದ’ ಎಂದು ಕೇಳಿ ನಾವು ನಗುತ್ತೇವೆ. ನಗುವ ಬದಲು ನಾಲ್ಕು ದಿನ ಬೀಗರ ಊಟದ ಆಟ ಆಡಿಸಿ. ಗೊಂಬೆಗೆ ಇಬ್ಬರು, ಲೋಟಕ್ಕೆ ಎರಡು ಎಂಬುದು ತಾನಾಗಿ ಕೂಡುತ್ತದೆ. ವ್ಯಾಕರಣ ಬೇಕಾಗಿಲ್ಲ.

ಇನ್ನೊಂದು ವಿಶೇಷ ನಮ್ಮ ಅಂಕಿಗಳದು. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತೊಂಬತ್ತು: ಮೊದಲು ಹತ್ತರ ಲೆಕ್ಕ, ಆಮೇಲೆ ಬಿಡಿ. ಬರೆಯುವ ಕ್ರಮದಲ್ಲಿಯೇ ಹೇಳುತ್ತೇವೆ. ಮರಾಠಿಯಲ್ಲಿ ಎಕವೀಸ, ಬಾವೀಸ. ಬಿಡಿ ಮೊದಲು, ಇಪ್ಪತ್ತು ಆಮೇಲೆ. 29ಕ್ಕೆ ಬಂದರೆ ಎಕೋಣತೀಸ, ಅಂದರೆ ಒಂದು ಕಡಿಮೆ ಮೂವತ್ತು. ಹಿಂದಿಯೂ ಹೆಚ್ಚುಕಡಿಮೆ ಹೀಗೆಯೇ. ಅದರಲ್ಲಿ ತಪ್ಪೇನಿಲ್ಲ, ಕೋಟ್ಯಂತರ ಜನ ಹಾಗೆಯೇ ಕಲಿತು ವ್ಯಾಪಾರ ನಡೆಸಿದ್ದಾರೆ. ಆದರೆ ಎಳೆಯ ಮಕ್ಕಳಿಗೆ ಇದು ಗೊಂದಲವೆಂದು ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯವರಿಗೇ ತೋರಿ, 2019ರಲ್ಲಿ ಎರಡನೆಯ ಇಯತ್ತೆಯ ಗಣಿತದ ಪುಸ್ತಕದಲ್ಲಿ ‘ವೀಸ ಎಕ, ವೀಸ ದೋನ’ ಎಂದು ಓದುವ ರೀತಿಯನ್ನು ಕೊಟ್ಟರು. ಆಗ ಪತ್ರಿಕೆಗಳಲ್ಲಿ, ವಿಧಾನಸಭೆಯಲ್ಲಿ ದೊಡ್ಡ ಗದ್ದಲವೇ ಆಯಿತು. ಅವರು ಹೊಸದಾಗಿ ಮಾಡಹೊರಟ ಅನುಕೂಲ ನಮ್ಮ ಮನೆಮಾತಿನಲ್ಲಿ ಮೊದಲಿನಿಂದಲೂ ಇದೆ. ಕನ್ನಡದಲ್ಲಿ ಇಪ್ಪತ್ತೊಂಬತ್ತನ್ನು ಎರಡು ಹತ್ತು, ಒಂಬತ್ತು ಬಿಡಿ ಎಂದು ಹುಣಸೆ ಬೀಜದಲ್ಲಿ ಜೋಡಿಸಿ ತಿಳಿದ ಮಗು ನಾಳೆ ಶಾಲೆಯಲ್ಲಿ ಎಕೋಣತೀಸವನ್ನು ಇನ್ನೊಂದು ಹೆಸರೆಂದು ಕಲಿಯುತ್ತದೆ. ಲೆಕ್ಕವನ್ನು ಎರಡನೆಯ ಸಲ ಕಲಿಯಬೇಕಾಗಿಲ್ಲ. ಆದ್ದರಿಂದ ‘ಮನೆಯಲ್ಲಿ ನಿಮ್ಮ ಭಾಷೆ ಬಿಡಿ’ ಎಂದು ಯಾರು ಹೇಳಿದರೂ, ಎಷ್ಟು ದೊಡ್ಡ ಕುರ್ಚಿಯಿಂದ ಹೇಳಿದರೂ, ಕೈಮುಗಿದು ಬಂದುಬಿಡಿ, ಕೇಳಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದಲ್ಲಿ ಕಡೇಪಕ್ಷ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಅಥವಾ ಸ್ಥಳದ ಭಾಷೆಯಲ್ಲಿ ಕಲಿಸಬೇಕೆಂದೇ ಹೇಳಿದೆ.

ಅಳತೆಯ ಆಟವನ್ನೂ ಬಿಡಬೇಡಿ. ಮಾಂಟೆಸೊರಿಯವರ ಸಾಮಾನಿನಲ್ಲಿ ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಒಂದಕ್ಕಿಂತ ಒಂದು ದೊಡ್ಡದಾದ ಹತ್ತು ಘನಗಳ ಗೋಪುರವಿದೆ. ನಮ್ಮಲ್ಲಿ ಒಂದರೊಳಗೊಂದು ಕೂಡುವ ಡಬ್ಬಿಗಳಿವೆ. ಎಲ್ಲಕ್ಕಿಂತ ದೊಡ್ಡದು, ಅದಕ್ಕಿಂತ ಚಿಕ್ಕದು, ಇನ್ನೂ ಚಿಕ್ಕದು ಎಂದು ಸಾಲು ಹಚ್ಚಿಸಿ. ಡಬ್ಬಿ ಕೂಡದಿದ್ದರೆ ಸಾಲು ತಪ್ಪಿದೆಯೆಂದು ಡಬ್ಬಿಯೇ ಹೇಳುತ್ತದೆ. ಮೋರಿಯ ಹತ್ತಿರ ಕೂಡಿಸಿ ‘ಈ ಚರಗಿ ತುಂಬಲು ಎಷ್ಟು ಲೋಟ ನೀರು?’ ಎಂದು ಕೇಳಿ. ನೀರು ಬರುವ ಹೊತ್ತು ಕಡಿಮೆಯಿರುವ ಚಾಳುಗಳಲ್ಲಿ ನೀರಿನ ಬದಲು ಮರಳೋ ಜೋಳವೋ ಸಾಕು.

ಸ್ವಿಟ್ಜರ್ಲೆಂಡಿನ ಪಿಯಾಜೆ ಎಂಬ ವಿದ್ವಾಂಸ (1896-1980) ಮಕ್ಕಳ ಬುದ್ಧಿಯನ್ನು ಪರೀಕ್ಷಿಸಿದ ರೀತಿ ಬಹಳ ಸ್ವಾರಸ್ಯದ್ದು. ನೀವು ಇಂದು ರಾತ್ರಿಯೇ ಮನೆಯಲ್ಲಿ ಮಾಡಿ ನೋಡಬಹುದು. ಐದು ಲೋಟವನ್ನು ಒಂದು ಸಾಲಿನಲ್ಲಿ, ಅದರೆದುರು ಐದು ಚಮಚವನ್ನು ಇನ್ನೊಂದು ಸಾಲಿನಲ್ಲಿ ಇಡಿ. ಸಮ ಇವೆಯೇ ಎಂದರೆ ನಾಲ್ಕೈದು ವರ್ಷದ ಮಗು ಹೌದೆನ್ನುತ್ತದೆ. ಅದರ ಕಣ್ಣೆದುರೇ ಚಮಚಗಳನ್ನು ದೂರ ದೂರ ಸರಿಸಿ ಸಾಲನ್ನು ಉದ್ದ ಮಾಡಿ ಮತ್ತೆ ಕೇಳಿ. ‘ಚಮಚ ಹೆಚ್ಚು’ ಎನ್ನುವುದೇ ಬಹುಮಟ್ಟಿಗೆ ಬರುವ ಉತ್ತರ. ಆರೇಳು ವರ್ಷದ ಸುಮಾರಿಗೆ ಅದು ತಾನಾಗಿ ಸರಿಹೋಗುತ್ತದೆ. ಆಗ ಮಗುವಿನ ಬೆನ್ನಿಗೆ ಗುದ್ದಬಾರದು. ‘ಇಷ್ಟೂ ತಿಳಿಯದೇನೋ’ ಎಂಬ ಮಾತು ಮಗುವಿಗೆ ಲೆಕ್ಕವನ್ನು ಕಲಿಸುವುದಿಲ್ಲ, ಲೆಕ್ಕದ ಭಯವನ್ನು ಕಲಿಸುತ್ತದೆ. ಮತ್ತೆ ಹತ್ತಿರ ಸರಿಸಿ, ಒಂದೊಂದು ಲೋಟಕ್ಕೆ ಒಂದೊಂದು ಚಮಚ ಹಾಕಿಸಿ, ಸುಮ್ಮನಿರಿ.

ಸುಮ್ಮನಿರುವುದೇ ಕಷ್ಟದ ಕೆಲಸ. ಆಟಕ್ಕೆ ಕೂತ ತಂದೆ ಹತ್ತು ನಿಮಿಷದಲ್ಲಿ ಇನ್‌ಸ್ಪೆಕ್ಟರನಾಗುತ್ತಾನೆ. ‘ಇದೇನು? ಇದು ಯಾವ ಬಣ್ಣ? ಇವೆಷ್ಟು?’ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಮಗು ಎದ್ದುಹೋಗುತ್ತದೆ. ಮೂರು ಪ್ರಶ್ನೆ ಕೇಳುವ ಬದಲು ನೀವೇ ಮೂರು ಮಾತಾಡಿ: ‘ನಂಗೆ ಹಸಿವಾಗ್ಯದ. ಎರಡು ರೊಟ್ಟಿ ಹಾಕವ್ವಾ. ಪಲ್ಲೆ ಖಾರ ಆಗ್ಯದಲ್ಲ!’ ಮಗು ನಿಮ್ಮ ಮಾತಿಗೆ ಮಾತು ಸೇರಿಸುತ್ತದೆ. ಪಾಳಿ ಮುಗಿಸಿ ಬಂದವರಿಗೆ ಇದಕ್ಕೆಲ್ಲ ಹೊತ್ತೆಲ್ಲಿ ಎಂದರೆ, ದಿನಕ್ಕೆ ಕಾಲು ಗಂಟೆ ಸಾಕು. ಚಹಾ ಕುಡಿಯುವಾಗಲೇ ಆಗಬಹುದು. ನಿಮ್ಮ ಲೋಟದಲ್ಲಿ ನಿಜವಾದ ಚಹಾ, ಮಗುವಿನ ಲೋಟದಲ್ಲಿ ಇಲ್ಲದ ಚಹಾ.

ಗಂಡುಹುಡುಗರಿಗೆ ಅಡಿಗೆ ಆಟವೇ ಎಂದು ಕೇಳಿದವರಿದ್ದಾರೆ. ಈ ಪಟ್ಟಣಕ್ಕೆಲ್ಲ ಇಡ್ಲಿ ದೋಸೆ ತಿನ್ನಿಸಿದ ಉಡುಪಿ ಹೋಟೆಲುಗಳ ಅಡಿಗೆಮನೆಯಲ್ಲಿ ನಿಂತವರು ಯಾರು? ಅವರಲ್ಲಿ ಕೆಲವರು ಈ ಸಭೆಯಲ್ಲಿಯೇ ಕೂತಿದ್ದಾರೆ. ಅಡಿಗೆ ಬೇಡವೆಂದರೆ ಅಂಗಡಿ ಆಟ ಆಡಿಸಿ, ಅದರಲ್ಲಿ ತೂಕ, ಬೆಲೆ, ಚಿಲ್ಲರೆ ಬರುತ್ತದೆ. ಆದರೆ ಅಡಿಗೆಯೇ ಮೊದಲು ಇರಲಿ ಎಂದು ನಮ್ಮ ಅಭಿಪ್ರಾಯ. ಅಂಗಡಿಯನ್ನು ಮಗು ನೋಡುವುದು ಅಪರೂಪ, ಅಡಿಗೆಯನ್ನು ದಿನಾಲೂ ನೋಡುತ್ತದೆ.

ಕೊಳ್ಳುವವರಿಗೆ ಎರಡು ಎಚ್ಚರಿಕೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ನೋಡಿ ತೆಗೆದುಕೊಳ್ಳಿ. ಸರಕಾರದಲ್ಲಿ ನೋಂದಾಯಿಸಿದ ಕೈಕಸಬುದಾರರಿಗೆ ವಿನಾಯಿತಿಯಿದೆ. ರಸ್ತೆಬದಿಯ ಅಗ್ಗದ ಸಾಮಾನಿನ ಬಣ್ಣದಲ್ಲಿ ಸೀಸವಿರಬಹುದು, ಮಗು ಎಲ್ಲವನ್ನೂ ಬಾಯಿಗೆ ಇಡುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವಂಥ ಬೀಜ, ಮಣಿ, ಗುಂಡಿ ಕೊಡಲೇಬಾರದು. ಗುಂಡಿಯಂಥ ಬ್ಯಾಟರಿಯಾಗಲಿ, ಪುಟ್ಟ ಅಯಸ್ಕಾಂತವಾಗಲಿ ಇರುವ ಆಟಿಕೆ ಚಿಕ್ಕ ಮಕ್ಕಳಿರುವ ಮನೆಗೆ ಬೇಡವೇ ಬೇಡ. ನುಂಗಿದರೆ ಪ್ರಾಣಕ್ಕೆ ಅಪಾಯ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಕೊಳ್ಳದೆಯೂ ನಡೆಯುತ್ತದೆ. ತೆಂಗಿನ ಕರಟವನ್ನು ಉಜ್ಜಿ ನಯ ಮಾಡಿದರೆ ಬಟ್ಟಲಾಯಿತು. ಸವೆದ ಧೋತರದಿಂದ ರೊಟ್ಟಿ ಕತ್ತರಿಸಬಹುದು. ಗಿರಣಿಯಲ್ಲಿ ನೂಲು ಸುತ್ತುವ ಕಾಗದದ ಕೋನುಗಳು ಚೊಟ್ಟೆಬಿದ್ದರೆ ರದ್ದಿಗೆ ಹೋಗುತ್ತವೆ. ಒಂದರ ಮೇಲೊಂದು ಏರಿಸಲು, ಬಣ್ಣದ ಪ್ರಕಾರ ಬೇರೆ ಮಾಡಲು, ಹತ್ತು ಹತ್ತರ ಕಟ್ಟು ಮಾಡಲು ಅವುಗಳಂಥ ಸಾಮಾನು ಪೇಟೆಯಲ್ಲಿಯೂ ಸಿಕ್ಕದು. ಖಾತೆಯವರನ್ನು ಕೇಳಿ, ಗೇಟ್ ಪಾಸ್ ಬರೆಸಿಕೊಂಡು ತನ್ನಿ. ಪಾಸಿಲ್ಲದೆ ಚೀಲದಲ್ಲಿ ತುರುಕಿ ತಂದು ನಮ್ಮ ಹೆಸರು ಹೇಳಬೇಡಿ.

ಈಗ ಕೆಲಸದ ಮಾತು. ವಾಚನಾಲಯದಲ್ಲಿ ಇಂಥ ಮೂರು ಪೆಟ್ಟಿಗೆಗಳನ್ನು ಸಿದ್ಧಪಡಿಸಿದ್ದೇವೆ. ಪುಸ್ತಕದಂತೆಯೇ ಒಂದು ವಾರಕ್ಕೆ ಎರವಲು ಕೊಡುತ್ತೇವೆ, ಠೇವಣಿ ಇಲ್ಲ. ಸದಸ್ಯರಲ್ಲದವರಿಗೂ, ಕನ್ನಡಿಗರಲ್ಲದ ನೆರೆಯವರಿಗೂ ಉಂಟು. ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಗಡೆ ಸಾಮಾನಿನ ಚಿತ್ರಗಳ ಪಟ್ಟಿ ಅಂಟಿಸಿದೆ. ಓದುಬಾರದವರೂ ನೋಡಿ ತಾಳೆಹಾಕಬಹುದು. ಹಿಂತಿರುಗಿಸುವಾಗ ಒಂದು ನಿಯಮವಿದೆ. ಎಣಿಸಿ ಒಪ್ಪಿಸಬೇಕಾದವರು ತಂದೆತಾಯಿಗಳಲ್ಲ, ಮಗುವೇ. ಎಷ್ಟು ಹೊತ್ತು ಹಿಡಿದರೂ ಆಗಲಿ, ನಾವು ರಿಜಿಸ್ಟರು ತೆರೆದುಕೊಂಡು ಕಾಯುತ್ತೇವೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ, ಈ ಎಡಗಡೆಯ ಕಪಾಟಿನ ಹತ್ತಿರ.

ಮೇಲೆ ಹೇಳಿದ ಹುಡುಗನ ತಾಯಿ ಮೊದಲನೆಯ ಪೆಟ್ಟಿಗೆಗೆ ಹೆಸರು ಬರೆಸಿದ್ದಾರೆ. ಉಳಿದ ಎರಡಕ್ಕೆ ಬೇಕಾದವರು ಈಗಲೇ ಮುಂದೆ ಬರಬಹುದು. ಚಿಕ್ಕ ಸೌಟು ಒಂದು ಮೇಜಿನ ಮೇಲೆ ಕಾಣುತ್ತಿಲ್ಲ. ಯಾವುದಾದರೂ ಮಗುವಿನ ಕೈಯಲ್ಲಿದ್ದರೆ ಕಸಿದುಕೊಳ್ಳಬೇಡಿ, ಸಭೆ ಮುಗಿಯುವವರೆಗೆ ಇರಲಿ.